ಮೊದಲ ಕೀಮೋಥೆರಪಿಗೆ ಮುನ್ನ: ಸ್ತನ ಕ್ಯಾನ್ಸರ್ ರೋಗಿಗಳೂ ಅವರ ಮನೆಯವರೂ ಮಾಡಿಕೊಳ್ಳಬೇಕಾದ ಸಿದ್ಧತೆ

ಪೀಠಿಕೆ

ಭಾರತದ ಮಹಿಳೆಯರಲ್ಲಿ ಇಂದು ಅತಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್ ಎಂದರೆ ಸ್ತನ ಕ್ಯಾನ್ಸರ್. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ನೆಯ ವರ್ಷವೊಂದರಲ್ಲಿಯೇ ನಮ್ಮ ದೇಶದಲ್ಲಿ ಸುಮಾರು 1,92,000 ಮಹಿಳೆಯರಲ್ಲಿ ಈ ರೋಗವು ಹೊಸದಾಗಿ ಕಾಣಿಸಿಕೊಂಡಿತು. ಇವರಲ್ಲಿ ಅನೇಕರಿಗೆ ಚಿಕಿತ್ಸೆಯ ಒಂದು ಘಟ್ಟದಲ್ಲಿ ಕೀಮೋಥೆರಪಿ ಬೇಕಾಗುತ್ತದೆ.

ಬಯಾಪ್ಸಿ ವರದಿಯು ಕೈಗೆ ಬಂದ ದಿನಕ್ಕೂ ಮೊದಲ ಕೀಮೋಥೆರಪಿಯ ದಿನಕ್ಕೂ ನಡುವೆ ಸಾಮಾನ್ಯವಾಗಿ ಕೆಲವು ದಿನಗಳು, ಇಲ್ಲವೇ ಕೆಲವು ವಾರಗಳು ಇರುತ್ತವೆ. ಈ ಅವಧಿಯನ್ನು ಬಹಳ ಮಂದಿ ಭಯದಲ್ಲಿಯೂ, ಕೇಳಿದ ಮಾತುಗಳ ಗೊಂದಲದಲ್ಲಿಯೂ ಕಳೆಯುತ್ತಾರೆ. ಆದರೆ ಇದು ಕೈಕಟ್ಟಿ ಕಾಯುವ ಕಾಲವಲ್ಲ, ಸಿದ್ಧತೆಯ ಕಾಲ. ಈ ದಿನಗಳಲ್ಲಿ ಮಾಡಿಕೊಂಡ ವ್ಯವಸ್ಥೆಯು ಮುಂದೆ ಚಿಕಿತ್ಸೆಯು ತಪ್ಪದಂತೆ, ತಡವಾಗದಂತೆ, ಅಪಾಯಕ್ಕೆ ಎಡೆಯಾಗದಂತೆ ಕಾಪಾಡುತ್ತದೆ. ಕರ್ನಾಟಕದಿಂದ ಹೊರಗೆ, ಬೇರೆ ಭಾಷೆಯ ನಗರಗಳಲ್ಲಿ, ಬಂಧುಬಳಗದಿಂದ ದೂರವಿದ್ದು ಚಿಕಿತ್ಸೆ ಪಡೆಯುವ ಕನ್ನಡಿಗರಿಗೆ ಇಂಥ ಸಿದ್ಧತೆಯ ಅಗತ್ಯ ಇನ್ನೂ ಹೆಚ್ಚು. ಆ ಸಿದ್ಧತೆ ಯಾವುದೆಂಬುದನ್ನು ಕ್ರಮವಾಗಿ ತಿಳಿಸುವುದೇ ಈ ಪಾಠದ ಉದ್ದೇಶ.

1. ಕೀಮೋಥೆರಪಿ ಎಂದರೇನು? ಅದು ಏಕೆ ಬೇಕು?

ಶಸ್ತ್ರಚಿಕಿತ್ಸೆಯು ಕಣ್ಣಿಗೆ ಕಾಣುವ ಗಂಟನ್ನು ತೆಗೆದುಹಾಕುತ್ತದೆ. ಆದರೆ ಗಂಟಿನಿಂದ ಬೇರ್ಪಟ್ಟ ಕೆಲವು ಜೀವಕೋಶಗಳು ರಕ್ತದ ಮೂಲಕವೋ ದುಗ್ಧನಾಳಗಳ ಮೂಲಕವೋ ದೇಹದ ಬೇರೆ ಭಾಗಗಳನ್ನು ಆಗಲೇ ಸೇರಿರಬಹುದು. ಯಾವ ಪರೀಕ್ಷೆಯಲ್ಲಿಯೂ ಕಾಣದಷ್ಟು ಸೂಕ್ಷ್ಮವಾದ ಇಂಥ ಜೀವಕೋಶಗಳನ್ನು ನಾಶಪಡಿಸುವುದಕ್ಕಾಗಿ ದೇಹದಲ್ಲೆಲ್ಲ ಸಂಚರಿಸಬಲ್ಲ ಔಷಧಿಗಳನ್ನು ಕೊಡುತ್ತಾರೆ. ಇದೇ ಕೀಮೋಥೆರಪಿ. ಇಟಲಿಯ ಮಿಲಾನ್ ನಗರದ ಡಾ. ಜಿಯಾನಿ ಬೊನಡೊನ್ನ ಮತ್ತು ಅವರ ಸಂಗಡಿಗರು 1976ರಲ್ಲಿ ಪ್ರಕಟಿಸಿದ ಅಧ್ಯಯನವು, ಕಂಕುಳಿನ ಗ್ರಂಥಿಗಳಿಗೆ ರೋಗ ಹರಡಿದ್ದ ಮಹಿಳೆಯರಿಗೆ ಶಸ್ತ್ರಚಿಕಿತ್ಸೆಯ ನಂತರ ಮೂರು ಔಷಧಿಗಳನ್ನು ಕೂಡಿಸಿ ಕೊಟ್ಟಾಗ ರೋಗವು ಮರುಕಳಿಸುವುದು ಕಡಿಮೆಯಾಯಿತೆಂದು ತೋರಿಸಿತು. ಅಂದಿನಿಂದ ಔಷಧಿಗಳೂ ಅವುಗಳನ್ನು ಕೊಡುವ ಕ್ರಮವೂ ಬಹಳ ಸುಧಾರಿಸಿವೆ.

ಕೆಲವರಿಗೆ ಶಸ್ತ್ರಚಿಕಿತ್ಸೆಯ ಗಾಯ ಮಾಯ್ದ ಮೇಲೆ ಕೀಮೋಥೆರಪಿ ಕೊಡುತ್ತಾರೆ. ಗಂಟು ದೊಡ್ಡದಾಗಿದ್ದರೆ, ಅಥವಾ ರೋಗದ ಬಗೆಯು ಅದನ್ನು ಬೇಡಿದರೆ, ಶಸ್ತ್ರಚಿಕಿತ್ಸೆಗೆ ಮೊದಲೇ ಕೊಟ್ಟು ಗಂಟನ್ನು ಕುಗ್ಗಿಸುತ್ತಾರೆ. ಆದುದರಿಂದ "ಮೊದಲು ಆಪರೇಷನ್ ಮಾಡಲಿಲ್ಲವೆಂದರೆ ರೋಗ ಕೈಮೀರಿದೆ" ಎಂದು ಭಾವಿಸುವುದು ಸರಿಯಲ್ಲ.

ಸ್ತನ ಕ್ಯಾನ್ಸರ್ ಬಂದವರಿಗೆಲ್ಲ ಕೀಮೋಥೆರಪಿ ಬೇಕೆಂದೇನೂ ಇಲ್ಲ. ಬಯಾಪ್ಸಿಯಲ್ಲಿ ದೊರೆತ ಅಂಗಾಂಶವನ್ನು ಈಸ್ಟ್ರೋಜನ್, ಪ್ರೊಜೆಸ್ಟರಾನ್ ಮತ್ತು ಹರ್-2 ಎಂಬ ಮೂರು ಗುರುತುಗಳಿಗಾಗಿ ಪರೀಕ್ಷಿಸುತ್ತಾರೆ. ಇವುಗಳ ಫಲಿತಾಂಶ, ಗಂಟಿನ ಗಾತ್ರ, ಗ್ರಂಥಿಗಳ ಸ್ಥಿತಿ, ರೋಗಿಯ ವಯಸ್ಸು ಮತ್ತು ಆರೋಗ್ಯ, ಇವೆಲ್ಲವನ್ನೂ ನೋಡಿ ವೈದ್ಯರು ತೀರ್ಮಾನಿಸುತ್ತಾರೆ. ಕೆಲವರಿಗೆ ಹಾರ್ಮೋನ್ ಮಾತ್ರೆಗಳೇ ಸಾಕಾಗಬಹುದು. ಹರ್-2 ಗುರುತು ಇರುವವರಿಗೆ ಟ್ರಾಸ್ಟುಜುಮ್ಯಾಬ್ ಎಂಬ ಔಷಧಿಯನ್ನು ಕೀಮೋಥೆರಪಿಯ ಜೊತೆಗೆ ಸೇರಿಸುವುದುಂಟು. ಆದುದರಿಂದಲೇ ನೆರೆಮನೆಯವರಿಗೆ ಕೊಟ್ಟ ಚಿಕಿತ್ಸೆಗೂ ನಮಗೆ ಹೇಳಿದ ಚಿಕಿತ್ಸೆಗೂ ವ್ಯತ್ಯಾಸವಿದ್ದರೆ ಸಂದೇಹಪಡಬೇಕಾಗಿಲ್ಲ.

2. ರೋಗಿಗೆ ವಿಷಯ ತಿಳಿದಿರಬೇಕು

ಅನೇಕ ಕುಟುಂಬಗಳಲ್ಲಿ "ಅಮ್ಮನಿಗೆ ಹೇಳುವುದು ಬೇಡ, ಹೆದರುತ್ತಾಳೆ" ಎಂದು ರೋಗದ ಹೆಸರನ್ನು ಮರೆಮಾಡುತ್ತಾರೆ. ಇದರ ಹಿಂದಿರುವುದು ಪ್ರೀತಿಯೇ ಆದರೂ, ಪರಿಣಾಮ ಒಳ್ಳೆಯದಲ್ಲ. ಔಷಧಿಯ ಹೆಸರು ತಿಳಿಯದ, ಅದರ ಪರಿಣಾಮ ತಿಳಿಯದ ರೋಗಿಯು ಅಪಾಯದ ಸೂಚನೆಯನ್ನು ಗುರುತಿಸಲಾರಳು, ಸಹಿಸಿಕೊಂಡು ಸುಮ್ಮನಿದ್ದುಬಿಡುತ್ತಾಳೆ. ಚಿಕಿತ್ಸೆ ನಡೆಯುವುದು ಅವಳ ದೇಹದಲ್ಲಿ. ಆದುದರಿಂದ ಮೊದಲು ತಿಳಿಯಬೇಕಾದವಳೂ ಅವಳೇ.

ಬೇರೆ ರಾಜ್ಯಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಇನ್ನೊಂದು ತೊಡಕುಂಟು. ಒಪ್ಪಿಗೆ ಪತ್ರವು ಮರಾಠಿ, ತಮಿಳು, ತೆಲುಗು, ಹಿಂದಿ ಇಲ್ಲವೇ ಇಂಗ್ಲಿಷ್ ಭಾಷೆಯಲ್ಲಿರುತ್ತದೆ. ಮನೆಯ ಕಿರಿಯರು ಆ ಭಾಷೆಯನ್ನು ಬಲ್ಲರು. ಊರಿನಿಂದ ಬಂದ ತಾಯಿ ಅಥವಾ ಅತ್ತೆ ಅರಿಯರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಂತೆ, ತನ್ನ ರೋಗ ಮತ್ತು ಚಿಕಿತ್ಸೆಯ ವಿವರವನ್ನು ತನಗೆ ತಿಳಿಯುವ ಭಾಷೆಯಲ್ಲಿ ಪಡೆಯುವುದು ರೋಗಿಯ ಹಕ್ಕು. ಕನ್ನಡ ಬಲ್ಲ ದಾದಿ, ಸಮಾಜಸೇವಾ ವಿಭಾಗದ ಕಾರ್ಯಕರ್ತರು ಅಥವಾ ಮನೆಯವರು ಒಬ್ಬರು ಪಕ್ಕದಲ್ಲಿ ಕುಳಿತು ಪ್ರತಿಯೊಂದು ಅಂಶವನ್ನೂ ವಿವರಿಸಿದ ನಂತರವೇ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕತಕ್ಕದ್ದು.

ವೈದ್ಯರನ್ನು ಕಾಣಲು ಹೋಗುವ ಮುನ್ನ ಕೆಳಗಿನ ಪ್ರಶ್ನೆಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದುಕೊಂಡು ಹೋಗುವುದು ಉಪಯುಕ್ತ:

(ಅ) ನನಗೆ ಕೊಡುವ ಔಷಧಿಗಳ ಹೆಸರೇನು? ಎಷ್ಟು ಸಲ, ಎಷ್ಟು ದಿನಗಳಿಗೊಮ್ಮೆ?
(ಆ) ಈ ಚಿಕಿತ್ಸೆಯ ಗುರಿ ರೋಗವನ್ನು ಪೂರ್ಣವಾಗಿ ಗುಣಪಡಿಸುವುದೋ, ಹತೋಟಿಯಲ್ಲಿಡುವುದೋ?
(ಇ) ಆಸ್ಪತ್ರೆಯಲ್ಲಿ ಉಳಿಯಬೇಕೋ, ಅದೇ ದಿನ ಮನೆಗೆ ಹೋಗಬಹುದೋ?
(ಈ) ಈಗ ಸೇವಿಸುತ್ತಿರುವ ಔಷಧಿಗಳಲ್ಲಿ ಯಾವುದನ್ನು ನಿಲ್ಲಿಸಬೇಕು?
(ಉ) ರಾತ್ರಿಯ ವೇಳೆ ಅಥವಾ ಭಾನುವಾರ ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು, ಎಲ್ಲಿಗೆ ಬರಬೇಕು?

ಕೊನೆಯ ಪ್ರಶ್ನೆಗೆ ಉತ್ತರ ಪಡೆಯದೆ ಮೊದಲ ಚಿಕಿತ್ಸೆಗೆ ಹೋಗಬಾರದು. ಅದರ ಕಾರಣವನ್ನು ಮುಂದೆ 8ನೆಯ ಭಾಗದಲ್ಲಿ ವಿವರಿಸಲಾಗಿದೆ.

3. ಚಿಕಿತ್ಸೆಗೆ ಮುನ್ನ ನಡೆಸುವ ಪರೀಕ್ಷೆಗಳು

ರಕ್ತಕಣಗಳ ಎಣಿಕೆ, ಯಕೃತ್ತು ಮತ್ತು ಮೂತ್ರಪಿಂಡಗಳ ಕಾರ್ಯ, ರಕ್ತದ ಸಕ್ಕರೆ ಇವುಗಳ ಪರೀಕ್ಷೆಯನ್ನು ಎಲ್ಲರಿಗೂ ಮಾಡುತ್ತಾರೆ. ಡಾಕ್ಸೊರುಬಿಸಿನ್ ಎಂಬ ಕೆಂಪು ಬಣ್ಣದ ಔಷಧಿಯೂ ಟ್ರಾಸ್ಟುಜುಮ್ಯಾಬ್ ಔಷಧಿಯೂ ಹೃದಯದ ಸ್ನಾಯುವನ್ನು ದುರ್ಬಲಗೊಳಿಸುವ ಸಾಧ್ಯತೆಯಿರುವುದರಿಂದ ಎಕೋ ಪರೀಕ್ಷೆಯ ಮೂಲಕ ಹೃದಯದ ಶಕ್ತಿಯನ್ನು ಮೊದಲೇ ಅಳೆಯುತ್ತಾರೆ. ಹೆಪಟೈಟಿಸ್-ಬಿ ವೈರಾಣುವು ದೇಹದಲ್ಲಿ ಸುಮ್ಮನೆ ಅಡಗಿದ್ದು, ಕೀಮೋಥೆರಪಿಯ ಕಾಲದಲ್ಲಿ ಮತ್ತೆ ತಲೆಯೆತ್ತಬಹುದು. ಮೊದಲೇ ತಿಳಿದರೆ ಮಾತ್ರೆಗಳಿಂದ ಅದನ್ನು ತಡೆಯಬಹುದಾದ ಕಾರಣ ಆ ಪರೀಕ್ಷೆಯೂ ಮುಖ್ಯ. ಋತುಚಕ್ರ ನಿಲ್ಲದ ಮಹಿಳೆಯರಿಗೆ ಗರ್ಭಪರೀಕ್ಷೆ ಮಾಡುತ್ತಾರೆ. ಇದರಿಂದ ಯಾರೂ ಮುಜುಗರಪಡಬೇಕಾಗಿಲ್ಲ.

ಎತ್ತರ ಮತ್ತು ತೂಕವನ್ನು ಪ್ರತಿ ಸಲವೂ ಏಕೆ ನೋಡುತ್ತಾರೆಂದು ಕೆಲವರು ಕೇಳುವುದುಂಟು. ಅನೇಕ ಕೀಮೋಥೆರಪಿ ಔಷಧಿಗಳ ಪ್ರಮಾಣವನ್ನು ದೇಹದ ಮೇಲ್ಮೈ ವಿಸ್ತೀರ್ಣದ ಲೆಕ್ಕದಲ್ಲಿ ನಿರ್ಧರಿಸುತ್ತಾರೆ. ಉದಾಹರಣೆಗೆ 155 ಸೆಂಟಿಮೀಟರ್ ಎತ್ತರ, 60 ಕಿಲೋಗ್ರಾಂ ತೂಕ ಇರುವ ಮಹಿಳೆಯ ದೇಹದ ಮೇಲ್ಮೈ ಸುಮಾರು 1.6 ಚದರ ಮೀಟರ್. ಡಾಕ್ಸೊರುಬಿಸಿನ್ ಔಷಧಿಯನ್ನು ಒಂದು ಚದರ ಮೀಟರಿಗೆ 60 ಮಿಲಿಗ್ರಾಂ ಎಂಬ ಪ್ರಮಾಣದಲ್ಲಿ ಕೊಡುವುದಾದರೆ ಆಕೆಗೆ ಬೇಕಾಗುವುದು ಸುಮಾರು 96 ಮಿಲಿಗ್ರಾಂ. ಈ ಲೆಕ್ಕ ವೈದ್ಯರದು. ಓದುಗರು ತಿಳಿಯಬೇಕಾದುದು ಇಷ್ಟೇ: ತೂಕದಲ್ಲಿ ಹೆಚ್ಚು ವ್ಯತ್ಯಾಸವಾದರೆ ಔಷಧಿಯ ಪ್ರಮಾಣವೂ ಬದಲಾಗುತ್ತದೆ. ಆದುದರಿಂದ ಚಿಕಿತ್ಸೆಯ ಕಾಲದಲ್ಲಿ ಉಪವಾಸ, ಪಥ್ಯ ಎಂದು ತೂಕ ಇಳಿಸಿಕೊಳ್ಳಬಾರದು.

4. ಮುಂಚಿತವಾಗಿ ಮುಗಿಸಬೇಕಾದ ಕೆಲಸಗಳು

ಹಲ್ಲು: ಹುಳುಕು ಹಲ್ಲು, ಊದಿದ ಒಸಡು ಇದ್ದರೆ ಅದು ಮುಂದೆ ಸೋಂಕಿನ ಮೂಲವಾಗುತ್ತದೆ. ಸಾಧ್ಯವಾದರೆ ಮೊದಲ ಚಿಕಿತ್ಸೆಗೆ ಮುನ್ನವೇ ದಂತವೈದ್ಯರಿಗೆ ತೋರಿಸಿ, ಕೀಳಬೇಕಾದ ಹಲ್ಲನ್ನು ಕೀಳಿಸಿ, ಗಾಯ ಮಾಯಲು ಸಮಯ ಕೊಡಬೇಕು.

ಲಸಿಕೆ: ಫ್ಲೂ ಜ್ವರದ ಲಸಿಕೆಯನ್ನು ಚಿಕಿತ್ಸೆಗೆ ಎರಡು ವಾರ ಮೊದಲೇ ಹಾಕಿಸಿಕೊಳ್ಳುವುದು ಒಳ್ಳೆಯದು. ಜೀವಂತ ವೈರಾಣು ಅಥವಾ ಜೀವಾಣುಗಳಿಂದ ತಯಾರಾದ ಲಸಿಕೆಗಳನ್ನು ಕೀಮೋಥೆರಪಿಯ ಕಾಲದಲ್ಲಿ ಹಾಕಿಸಬಾರದು. ಯಾವುದೇ ಲಸಿಕೆಯನ್ನು ವೈದ್ಯರ ಒಪ್ಪಿಗೆಯ ನಂತರವೇ ಪಡೆಯತಕ್ಕದ್ದು.

ಮಕ್ಕಳಾಗುವ ಬಯಕೆ: ಕೀಮೋಥೆರಪಿಯು ಅಂಡಾಶಯಗಳಿಗೆ ಹಾನಿಮಾಡಿ ಋತುಚಕ್ರವನ್ನು ತಾತ್ಕಾಲಿಕವಾಗಿ, ಕೆಲವೊಮ್ಮೆ ಶಾಶ್ವತವಾಗಿ ನಿಲ್ಲಿಸಬಹುದು. ಮುಂದೆ ಮಕ್ಕಳನ್ನು ಬಯಸುವವರು ಅಂಡಾಣು ಅಥವಾ ಭ್ರೂಣವನ್ನು ಶೀತಲೀಕರಿಸಿ ಕಾಯ್ದಿಡುವ ವಿಷಯವನ್ನು ಮೊದಲ ಚಿಕಿತ್ಸೆಗೆ ಮುಂಚೆಯೇ ಕೇಳಬೇಕು. ವೈದ್ಯರು ಹೇಳಲೆಂದು ಕಾಯಬಾರದು. ಚಿಕಿತ್ಸೆ ಆರಂಭವಾದ ಮೇಲೆ ಈ ಅವಕಾಶ ಕೈತಪ್ಪಬಹುದು. ಹಾಗೆಯೇ ಚಿಕಿತ್ಸೆಯ ಕಾಲದಲ್ಲಿ ಗರ್ಭ ನಿಲ್ಲದಂತೆ ಎಚ್ಚರ ವಹಿಸಬೇಕು. ಇದಕ್ಕೆ ಹಾರ್ಮೋನ್ ಇರುವ ಗುಳಿಗೆಗಳು ತಕ್ಕುದಲ್ಲ. ನಿರೋಧ್ ಅಥವಾ ಕಾಪರ್-ಟಿ ಬಗ್ಗೆ ವೈದ್ಯರ ಸಲಹೆ ಪಡೆಯಬೇಕು. ಹಾಲೂಡಿಸುವ ತಾಯಂದಿರು ಎದೆಹಾಲು ಕೊಡುವುದನ್ನು ನಿಲ್ಲಿಸಬೇಕಾಗುತ್ತದೆ.

ಬೇರೆ ಔಷಧಿಗಳು: ಸಕ್ಕರೆ ಕಾಯಿಲೆ, ರಕ್ತದೊತ್ತಡ, ಥೈರಾಯ್ಡ್ ಮುಂತಾದವುಗಳ ಔಷಧಿಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಬೇಕು. ವಾಂತಿ ತಡೆಯಲು ಕೊಡುವ ಡೆಕ್ಸಾಮೆಥಸೋನ್ ಔಷಧಿಯು ರಕ್ತದ ಸಕ್ಕರೆಯನ್ನು ಏರಿಸುತ್ತದೆಯಾದ್ದರಿಂದ ಮಧುಮೇಹಿಗಳು ಇದನ್ನು ಮರೆಯದೆ ಹೇಳಬೇಕು. ಕಷಾಯ, ಭಸ್ಮ, ಲೇಹ್ಯ, ನಾಟಿ ಔಷಧಿ ಯಾವುದನ್ನೇ ಸೇವಿಸುತ್ತಿದ್ದರೂ ಮುಚ್ಚಿಡಬಾರದು. ಕೆಲವು ಗಿಡಮೂಲಿಕೆಗಳು ಯಕೃತ್ತಿನ ಮೇಲೆ ಭಾರ ಹಾಕಿ ಕೀಮೋಥೆರಪಿಯನ್ನು ಅಪಾಯಕರವಾಗಿಸುತ್ತವೆ.

ರಕ್ತನಾಳ: ಶಸ್ತ್ರಚಿಕಿತ್ಸೆಯಾದ ಪಕ್ಕದ ತೋಳಿಗೆ ಬಾವು ಬರುವ ಸಂಭವವಿರುವುದರಿಂದ ಸೂಜಿಯನ್ನು ಸಾಮಾನ್ಯವಾಗಿ ಇನ್ನೊಂದು ತೋಳಿಗೆ ಚುಚ್ಚುತ್ತಾರೆ. ಒಂದೇ ತೋಳಿನ ನಾಳಗಳು ತಿಂಗಳುಗಟ್ಟಲೆ ತಾಳಿಕೊಳ್ಳಬೇಕು. ನಾಳಗಳು ಸಣ್ಣವಾಗಿದ್ದರೆ ಎದೆಯ ಚರ್ಮದ ಕೆಳಗೆ ಅಳವಡಿಸುವ ಕೀಮೋ ಪೋರ್ಟ್ ಎಂಬ ಸಣ್ಣ ಸಾಧನವನ್ನೋ, ತೋಳಿನಿಂದ ಹೃದಯದ ಸಮೀಪದವರೆಗೆ ಇಡುವ ಪಿಕ್ ನಳಿಕೆಯನ್ನೋ ವೈದ್ಯರು ಸೂಚಿಸಬಹುದು. ಅದರ ಖರ್ಚು ಮತ್ತು ನಿಗಾ ಎರಡನ್ನೂ ಮೊದಲೇ ಕೇಳಿ ತಿಳಿಯಬೇಕು.

5. ಮನೆಯ ಸಿದ್ಧತೆ

ಮೊದಲನೆಯದಾಗಿ, ಮನೆಯಲ್ಲಿ ಒಂದು ಡಿಜಿಟಲ್ ಥರ್ಮಾಮೀಟರ್ ಇರಲೇಬೇಕು. ಮನೆಯ ಇಬ್ಬರಾದರೂ ಅದನ್ನು ಓದಲು ಕಲಿತಿರಬೇಕು.

ಎರಡನೆಯದಾಗಿ, ಕೆಲಸದ ಹಂಚಿಕೆ. ನಗರದ ಚಿಕ್ಕ ಮನೆಗಳಲ್ಲಿ ಅಡಿಗೆ, ನೀರು, ಮಕ್ಕಳ ಶಾಲೆ ಎಲ್ಲವೂ ಒಬ್ಬ ಗೃಹಿಣಿಯ ಮೇಲೆ ನಿಂತಿರುತ್ತದೆ. ಆಕೆಯೇ ರೋಗಿಯಾದಾಗ ಯಾರು ಏನು ಮಾಡಬೇಕೆಂಬುದು ಮೊದಲೇ ಗೊತ್ತಾಗಿರಬೇಕು. ಪ್ರತಿ ಚಿಕಿತ್ಸೆಯ ನಂತರದ ನಾಲ್ಕೈದು ದಿನಗಳ ಅಡಿಗೆಯನ್ನು ಗಂಡನೋ, ಬೆಳೆದ ಮಗನೋ, ಊರಿನಿಂದ ಬಂದ ಅಕ್ಕತಂಗಿಯರೋ ವಹಿಸಿಕೊಳ್ಳಲಿ. ನೆರೆಹೊರೆಯವರ, ಊರಿನ ಕನ್ನಡ ಸಂಘದವರ ನೆರವು ಕೇಳುವುದರಲ್ಲಿ ಸಂಕೋಚವೇನೂ ಬೇಡ.

ಮೂರನೆಯದಾಗಿ, ಆಹಾರ. ಬಿಸಿಯಾದ, ಆಗತಾನೆ ಬೇಯಿಸಿದ ಮನೆಯ ಊಟವೇ ಉತ್ತಮ. ಇಡ್ಲಿ, ರಾಗಿ ಅಂಬಲಿ, ಅನ್ನ ಮತ್ತು ತಿಳಿಸಾರು, ಹೆಸರುಬೇಳೆಯ ಹುಗ್ಗಿ, ಚೆನ್ನಾಗಿ ಬೇಯಿಸಿದ ಮೊಟ್ಟೆ, ಕಾಯಿಸಿದ ಹಾಲಿನಿಂದ ಮಾಡಿದ ಮೊಸರು ಇವು ಸುಲಭವಾಗಿ ಸೇರುತ್ತವೆ. ಒಮ್ಮೆಗೆ ಹೊಟ್ಟೆ ತುಂಬ ಉಣ್ಣುವ ಬದಲು ಸ್ವಲ್ಪಸ್ವಲ್ಪವಾಗಿ ಐದಾರು ಸಲ ತಿನ್ನುವುದು ವಾಕರಿಕೆಯನ್ನು ಕಡಿಮೆ ಮಾಡುತ್ತದೆ. ಕುದಿಸಿ ಆರಿಸಿದ ನೀರನ್ನು ಧಾರಾಳವಾಗಿ ಕುಡಿಯಬೇಕು. ಬೀದಿಯ ಪಾನಿಪೂರಿ, ಹೆಚ್ಚಿಟ್ಟ ಹಣ್ಣು, ಕಬ್ಬಿನ ಹಾಲು, ಹಸಿ ಮೊಳಕೆಕಾಳು, ತಂಗಳು ಇವುಗಳನ್ನು ವರ್ಜಿಸಬೇಕು. ಕೋಸಂಬರಿಯಂಥ ಹಸಿ ತಿನಿಸುಗಳ ಆಸೆಯನ್ನು ಚಿಕಿತ್ಸೆ ಮುಗಿಯುವವರೆಗೆ ತಡೆಹಿಡಿಯುವುದು ಲೇಸು. ಸಿಪ್ಪೆ ಸುಲಿದು ತಿನ್ನುವ ಬಾಳೆಹಣ್ಣು, ಕಿತ್ತಳೆಗಳಿಗೆ ಅಡ್ಡಿಯಿಲ್ಲ.

ನಾಲ್ಕನೆಯದಾಗಿ, ಬಾಯಿಯ ಆರೈಕೆ. ಮೃದುವಾದ ಹಲ್ಲುಜ್ಜುವ ಬ್ರಷ್ ತಂದಿಡಬೇಕು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಚಹಾ ಚಮಚ ಉಪ್ಪು, ಒಂದು ಚಹಾ ಚಮಚ ಅಡಿಗೆ ಸೋಡಾ ಬೆರೆಸಿ, ದಿನಕ್ಕೆ ನಾಲ್ಕೈದು ಸಲ ಬಾಯಿ ಮುಕ್ಕಳಿಸಿದರೆ ಬಾಯಿಹುಣ್ಣಿನ ಬಾಧೆ ತಗ್ಗುತ್ತದೆ. ಈ ನೀರನ್ನು ಪ್ರತಿದಿನವೂ ಹೊಸದಾಗಿ ಮಾಡಿಕೊಳ್ಳಬೇಕು.

ಕ್ಯಾನ್ಸರ್ ಅಂಟುರೋಗವಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ರೋಗಿಗೆ ಬೇರೆ ತಟ್ಟೆ, ಬೇರೆ ಲೋಟ, ಬೇರೆ ಕೋಣೆ ಮಾಡುವುದು ಅನಗತ್ಯವೂ ಹೌದು, ಕ್ರೂರವೂ ಹೌದು. ಮಕ್ಕಳು ತಾಯಿಯ ಪಕ್ಕದಲ್ಲಿ ಮಲಗಬಹುದು. ಎಚ್ಚರ ಬೇಕಾಗಿರುವುದು ಇನ್ನೊಂದು ದಿಕ್ಕಿನಲ್ಲಿ: ನೆಗಡಿ, ಕೆಮ್ಮು, ಜ್ವರ, ಸೀತಾಳೆ ಇರುವವರಿಂದ ರೋಗಿಗೆ ಸೋಂಕು ತಗಲದಂತೆ ನೋಡಿಕೊಳ್ಳಬೇಕು. ನೋಡಲು ಬರುವ ಬಂಧುಗಳು ಕೈತೊಳೆದು ಒಳಗೆ ಬರಲಿ.

6. ಕೂದಲು ಮತ್ತು ಮನಸ್ಸು

ಸ್ತನ ಕ್ಯಾನ್ಸರಿಗೆ ಕೊಡುವ ಹಲವು ಔಷಧಿಗಳಿಂದ, ಮೊದಲ ಚಿಕಿತ್ಸೆಯಾದ ಎರಡು ಮೂರು ವಾರಗಳಲ್ಲಿ ತಲೆಗೂದಲು ಉದುರುತ್ತದೆ. ನಮ್ಮ ಸಮಾಜದಲ್ಲಿ ಹೆಣ್ಣಿನ ಜಡೆಗೂ ಹೂವಿಗೂ ಸೌಭಾಗ್ಯದ ಕಲ್ಪನೆಯು ಹೆಣೆದುಕೊಂಡಿರುವುದರಿಂದ ಈ ನೋವು ಬರಿಯ ಅಂದಚೆಂದದ ನೋವಲ್ಲ. ಕೂದಲಿಗೆ ಹೆದರಿ ಚಿಕಿತ್ಸೆಯನ್ನೇ ಬೇಡವೆನ್ನುವವರೂ ಇದ್ದಾರೆ. ಅವರಿಗೆ ತಿಳಿಸಬೇಕಾದ ಸತ್ಯವೆಂದರೆ, ಚಿಕಿತ್ಸೆ ಮುಗಿದ ಕೆಲವು ತಿಂಗಳಲ್ಲಿ ಸಾಮಾನ್ಯವಾಗಿ ಕೂದಲು ಮತ್ತೆ ಬೆಳೆಯುತ್ತದೆ.

ಮೊದಲೇ ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡರೆ, ಉದುರುವಾಗ ಆಗುವ ಆಘಾತ ಕಡಿಮೆ. ಹತ್ತಿಯ ಮೆತ್ತನೆಯ ಸ್ಕಾರ್ಫ್, ಟೋಪಿ ಅಥವಾ ವಿಗ್ ಬೇಕಾದವರು ಮೊದಲೇ ಕೊಂಡಿಡಬಹುದು. ಕೆಲವು ಆಸ್ಪತ್ರೆಗಳಲ್ಲಿ ಸ್ವಯಂಸೇವಾ ಸಂಸ್ಥೆಗಳು ವಿಗ್ಗುಗಳನ್ನು ಉಚಿತವಾಗಿ ಕೊಡುವುದೂ ಉಂಟು. ತಾಯಿಯ ತಲೆ ಬೋಳಾಗುವುದೆಂದು ಚಿಕ್ಕ ಮಕ್ಕಳಿಗೆ ಮುಂಚಿತವಾಗಿ ಹೇಳಿದರೆ ಅವರು ಗಾಬರಿಯಾಗುವುದಿಲ್ಲ.

ನಿದ್ದೆ ಬಾರದಿರುವುದು, ಅಳು, ಬದುಕಿನಲ್ಲಿ ಬೇಸರ ಇವು ಬಹುದಿನ ಮುಂದುವರಿದರೆ ಅದಕ್ಕೂ ಚಿಕಿತ್ಸೆಯಿದೆ. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸೇವೆಯ ದೂರವಾಣಿ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇದರ ರಾಷ್ಟ್ರೀಯ ಕೇಂದ್ರವಾಗಿದೆ. ದೇಶದ ಯಾವ ಮೂಲೆಯಿಂದ ಕರೆದರೂ ಕನ್ನಡದಲ್ಲಿ ಮಾತನಾಡಲು ಕೇಳಬಹುದು.

7. ಹಣ, ಕಾಗದಪತ್ರ, ಪ್ರಯಾಣ

ಚಿಕಿತ್ಸೆಯು ಅರ್ಧದಲ್ಲಿ ನಿಲ್ಲಲು ಹಣದ ತೊಂದರೆಯೂ ಒಂದು ದೊಡ್ಡ ಕಾರಣ. ಆದುದರಿಂದ ಮೊದಲ ಚಿಕಿತ್ಸೆಯ ಖರ್ಚನ್ನಲ್ಲ, ಪೂರ್ಣ ಚಿಕಿತ್ಸೆಯ ಖರ್ಚನ್ನು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು.

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಯ ಸೌಲಭ್ಯವಿದೆ. ಕೀಮೋಥೆರಪಿಯೂ ಇದರಲ್ಲಿ ಸೇರಿದೆ. ಅರ್ಹರು ತಮ್ಮ ರಾಜ್ಯದಿಂದ ಹೊರಗಿನ ನೋಂದಾಯಿತ ಆಸ್ಪತ್ರೆಗಳಲ್ಲಿಯೂ ಇದನ್ನು ಬಳಸಲು ಅವಕಾಶವಿದೆ. ಊರಿನಲ್ಲಿ ಪಡಿತರ ಚೀಟಿಯಿದ್ದು ಮುಂಬಯಿಯಲ್ಲಿ ದುಡಿಯುವ ಕುಟುಂಬಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಆಸ್ಪತ್ರೆಯಲ್ಲಿರುವ ಆಯುಷ್ಮಾನ್ ಮಿತ್ರರನ್ನು ಅಥವಾ 14555 ಸಂಖ್ಯೆಯನ್ನು ವಿಚಾರಿಸಬಹುದು. ಬಡತನದ ರೇಖೆಯ ಕೆಳಗಿರುವವರಿಗೆ ರಾಷ್ಟ್ರೀಯ ಆರೋಗ್ಯ ನಿಧಿಯ ನೆರವೂ ಇದೆ. ಅಮೃತ್ ಔಷಧಿ ಮಳಿಗೆಗಳಲ್ಲಿ ಕ್ಯಾನ್ಸರ್ ಔಷಧಿಗಳು ರಿಯಾಯಿತಿ ದರದಲ್ಲಿ ದೊರೆಯುತ್ತವೆ. ಚಿಕಿತ್ಸೆಗಾಗಿ ರೈಲಿನಲ್ಲಿ ಪ್ರಯಾಣ ಮಾಡುವ ಕ್ಯಾನ್ಸರ್ ರೋಗಿಗಳಿಗೂ ಜೊತೆಗೆ ಹೋಗುವ ಒಬ್ಬರಿಗೂ ಆಸ್ಪತ್ರೆಯ ಪ್ರಮಾಣಪತ್ರದ ಮೇಲೆ ದರದಲ್ಲಿ ರಿಯಾಯಿತಿಯುಂಟು.

ಮುಂಬಯಿಯ ಪರೇಲಿನಲ್ಲಿ 1941ರಲ್ಲಿ ಆರಂಭವಾದ ಟಾಟಾ ಸ್ಮಾರಕ ಆಸ್ಪತ್ರೆ, ಚೆನ್ನೈಯ ಅಡ್ಯಾರಿನಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರ ಪ್ರಯತ್ನದಿಂದ 1954ರಲ್ಲಿ ಸ್ಥಾಪಿತವಾದ ಕ್ಯಾನ್ಸರ್ ಸಂಸ್ಥೆ, ಹೈದರಾಬಾದಿನ ಎಂ.ಎನ್.ಜೆ. ಸಂಸ್ಥೆ, ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ, ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆ ಇವೆಲ್ಲವೂ ಕ್ಯಾನ್ಸರ್ ಚಿಕಿತ್ಸೆಗೆ ಹೆಸರಾದವು. ಎಲ್ಲಿ ಚಿಕಿತ್ಸೆ ಪಡೆಯಬೇಕೆಂದು ತೀರ್ಮಾನಿಸುವಾಗ ಆಸ್ಪತ್ರೆಯ ಹೆಸರನ್ನಷ್ಟೇ ನೋಡದೆ, ತಿಂಗಳುಗಟ್ಟಲೆ ಅಲ್ಲಿಗೆ ಹೋಗಿಬರಲು ಸಾಧ್ಯವೇ, ರಾತ್ರಿ ಜ್ವರ ಬಂದರೆ ತಲುಪಲು ಎಷ್ಟು ಹೊತ್ತು ಬೇಕು ಎಂಬುದನ್ನೂ ಯೋಚಿಸಬೇಕು. ದೂರದಿಂದ ಬರುವವರು ವಸತಿಯ ಬಗ್ಗೆ ಆಸ್ಪತ್ರೆಯ ಸಮಾಜಸೇವಾ ವಿಭಾಗವನ್ನು ಮೊದಲೇ ಕಾಣಬೇಕು.

ಒಂದು ಗಟ್ಟಿಯಾದ ಕಡತದಲ್ಲಿ ಬಯಾಪ್ಸಿ ವರದಿ, ಸ್ಕ್ಯಾನ್ ವರದಿಗಳು, ಶಸ್ತ್ರಚಿಕಿತ್ಸೆಯ ವಿವರ, ರಕ್ತಪರೀಕ್ಷೆಗಳು, ಪ್ರತಿ ಸಲ ಕೊಟ್ಟ ಔಷಧಿಯ ಹೆಸರು ಮತ್ತು ಪ್ರಮಾಣ ಇವುಗಳನ್ನು ದಿನಾಂಕದ ಕ್ರಮದಲ್ಲಿ ಇಡಬೇಕು. ಊರು ಬದಲಾಯಿಸಬೇಕಾಗಿ ಬಂದರೆ ಈ ಕಡತವೇ ಚಿಕಿತ್ಸೆಯನ್ನು ಮುಂದುವರಿಸುವ ಸೇತುವೆ.

8. ಮೊದಲ ಇಪ್ಪತ್ತೊಂದು ದಿನಗಳು

ಮೂರು ವಾರಕ್ಕೊಮ್ಮೆ ಕೊಡುವ ಚಿಕಿತ್ಸೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮೊದಲ ಚಿಕಿತ್ಸೆಯು ತಿಂಗಳ 1ನೆಯ ತಾರೀಖಿನಂದು ನಡೆಯಿತೆಂದು ಭಾವಿಸಿ.

1ನೆಯ ತಾರೀಖು: ಹಗುರವಾದ ಉಪಾಹಾರ ಮಾಡಿ, ಸಡಿಲವಾದ ತೋಳಿನ ಬಟ್ಟೆ ತೊಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಬೇಕು. ವಾಂತಿ ತಡೆಯುವ ಔಷಧಿಯನ್ನು ಮೊದಲೇ ಕೊಡುತ್ತಾರೆ. ಔಷಧಿ ಹರಿಯುವಾಗ ಸೂಜಿಯ ಜಾಗದಲ್ಲಿ ಉರಿ, ನೋವು, ಊತ ಕಂಡರೆ, ಉಸಿರು ಕಟ್ಟಿದಂತಾದರೆ, ಮೈ ತುರಿಸಿದರೆ ಆ ಕ್ಷಣವೇ ದಾದಿಗೆ ಹೇಳಬೇಕು. "ಅವರಿಗೇಕೆ ತೊಂದರೆ" ಎಂದು ಸಹಿಸಿಕೊಳ್ಳಬಾರದು. ಕೆಲವು ಔಷಧಿಗಳು ನಾಳದ ಹೊರಗೆ ಸೋರಿದರೆ ಚರ್ಮವೇ ಸುಟ್ಟಂತಾಗುತ್ತದೆ. ಡಾಕ್ಸೊರುಬಿಸಿನ್ ಪಡೆದವರ ಮೂತ್ರವು ಒಂದೆರಡು ದಿನ ಕೆಂಪಾಗಿರಬಹುದು. ಅದು ಔಷಧಿಯ ಬಣ್ಣ.

2ರಿಂದ 5: ವಾಕರಿಕೆ, ಆಯಾಸ ಹೆಚ್ಚು. ವಾಂತಿಯ ಮಾತ್ರೆಗಳನ್ನು ವಾಂತಿ ಬಂದ ಮೇಲಲ್ಲ, ಬರೆದುಕೊಟ್ಟ ವೇಳೆಗೆ ಸರಿಯಾಗಿ ನುಂಗಬೇಕು. ಮನೆಯೊಳಗೇ ಸ್ವಲ್ಪ ನಡೆದಾಡಿದರೆ ಆಯಾಸ ಕಡಿಮೆಯಾಗುತ್ತದೆ.

7ರಿಂದ 14: ಈ ದಿನಗಳಲ್ಲಿ ಸಾಮಾನ್ಯವಾಗಿ ಬಿಳಿ ರಕ್ತಕಣಗಳು ಅತಿ ಕಡಿಮೆಯಾಗಿರುತ್ತವೆ. ನೋಡಲು ರೋಗಿಯು ಚೇತರಿಸಿಕೊಂಡಂತೆ ಕಾಣುತ್ತಾಳೆ, ಊಟ ಸೇರುತ್ತದೆ. ಆದರೆ ಸೋಂಕನ್ನು ಎದುರಿಸುವ ಶಕ್ತಿ ಆಗ ಕನಿಷ್ಠವಾಗಿರುತ್ತದೆ. ಮದುವೆ, ಜಾತ್ರೆ, ಕಿಕ್ಕಿರಿದ ಲೋಕಲ್ ರೈಲು ಇವುಗಳನ್ನು ಈ ವಾರ ಬಿಡಬೇಕು.

15ರಿಂದ 21: ಶಕ್ತಿ ಮರಳುತ್ತದೆ, ಕೂದಲು ಉದುರತೊಡಗುತ್ತದೆ. 20 ಅಥವಾ 21ರಂದು ರಕ್ತಪರೀಕ್ಷೆ, ಎಲ್ಲವೂ ಸರಿಯಿದ್ದರೆ 22ರಂದು ಎರಡನೆಯ ಚಿಕಿತ್ಸೆ.

ಈ ಪಾಠದಲ್ಲಿ ಒಂದೇ ಒಂದು ಮಾತನ್ನು ನೆನಪಿಡುವುದಾದರೆ ಅದು ಇದು: ಕೀಮೋಥೆರಪಿಯ ಕಾಲದಲ್ಲಿ ಬಾಯಿಯಲ್ಲಿಟ್ಟು ನೋಡಿದ ಜ್ವರವು 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ತಲುಪಿದರೆ ಅದು ತುರ್ತು ಪರಿಸ್ಥಿತಿ. ಹಗಲಾಗಲಿ ರಾತ್ರಿಯಾಗಲಿ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಬಿಳಿ ರಕ್ತಕಣಗಳಿಲ್ಲದ ದೇಹದಲ್ಲಿ ಸಾಧಾರಣ ಸೋಂಕು ಕೂಡ ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ಹರಡಿ ಪ್ರಾಣಾಪಾಯ ತರಬಲ್ಲದು. ಬೇಗನೆ ರಕ್ತನಾಳದ ಮೂಲಕ ಆಂಟಿಬಯೋಟಿಕ್ ಕೊಟ್ಟರೆ ಪ್ರಾಣ ಉಳಿಯುತ್ತದೆ. ಪ್ಯಾರಸಿಟಮಾಲ್ ನುಂಗಿ ಬೆಳಗಾಗಲೆಂದು ಕಾಯುವುದು ಅತ್ಯಂತ ಅಪಾಯಕರ; ಮಾತ್ರೆಯು ಜ್ವರವನ್ನು ಮರೆಮಾಡುತ್ತದೆ, ಸೋಂಕನ್ನು ಕೊಲ್ಲುವುದಿಲ್ಲ. ಜ್ವರವಿಲ್ಲದೆಯೂ ಮೈನಡುಕ, ನಿಲ್ಲದ ಭೇದಿ ಅಥವಾ ವಾಂತಿ, ಉಬ್ಬಸ, ಎದೆನೋವು, ರಕ್ತಸ್ರಾವ, ಮಂಕು ಕವಿದಂತಾಗುವುದು ಇವುಗಳಲ್ಲಿ ಯಾವುದು ಕಂಡರೂ ಇದೇ ನಿಯಮ. ಆಸ್ಪತ್ರೆಯ ಬಾಗಿಲಲ್ಲಿ ಹೇಳಬೇಕಾದ ಮೊದಲ ಮಾತು: "ಇವರು ಕೀಮೋಥೆರಪಿ ಪಡೆಯುತ್ತಿದ್ದಾರೆ, ಜ್ವರ ಬಂದಿದೆ." ಈ ಮಾತನ್ನು ಆ ಊರಿನ ಭಾಷೆಯಲ್ಲಿ ಒಂದು ಚೀಟಿಯ ಮೇಲೆ ಬರೆಸಿ, ಕಡತದ ಮೊದಲ ಪುಟಕ್ಕೆ ಅಂಟಿಸಿಡಬೇಕು.

9. ಅರ್ಧದಲ್ಲಿ ನಿಲ್ಲಿಸಬಾರದು

ಎರಡು ಮೂರು ಚಿಕಿತ್ಸೆಗಳಾದ ಮೇಲೆ ಗಂಟು ಕರಗಿದಂತೆ ತೋರಬಹುದು. ಆಗ "ಗುಣವಾಯಿತಲ್ಲ, ಇನ್ನೇಕೆ ಈ ಕಷ್ಟ" ಎಂದು ನಿಲ್ಲಿಸಿಬಿಡುವ ಮನಸ್ಸಾಗುತ್ತದೆ. ಕಣ್ಣಿಗೆ ಕಾಣದೆ ಉಳಿದ ಜೀವಕೋಶಗಳಿಗಾಗಿಯೇ ಉಳಿದ ಚಿಕಿತ್ಸೆಗಳು ಇರುವುದೆಂಬುದನ್ನು ಮರೆಯಬಾರದು. ಹಬ್ಬ, ಗೃಹಪ್ರವೇಶ, ಮಕ್ಕಳ ಪರೀಕ್ಷೆ ಯಾವುದೇ ಕಾರಣದಿಂದ ದಿನಾಂಕ ಬದಲಾಯಿಸಬೇಕಾದರೆ ವೈದ್ಯರನ್ನು ಕೇಳಿಯೇ ಬದಲಾಯಿಸಬೇಕು. ತೊಂದರೆ ತಾಳಲಾರದಂತಿದ್ದರೆ, ಕೈಕಾಲು ಜೋಮು ಹಿಡಿದಂತಾದರೆ ಅದನ್ನೂ ಹೇಳಬೇಕು. ಪ್ರಮಾಣ ತಗ್ಗಿಸಲು, ಔಷಧಿ ಬದಲಿಸಲು, ಬಿಳಿ ರಕ್ತಕಣ ಹೆಚ್ಚಿಸುವ ಚುಚ್ಚುಮದ್ದು ಕೊಡಲು ಅವರಲ್ಲಿ ಮಾರ್ಗಗಳಿವೆ. ಹೇಳದೆ ನಿಲ್ಲಿಸಿದವರಿಗೆ ಯಾವ ಮಾರ್ಗವನ್ನೂ ತೋರಿಸಲು ಅವರಿಗೆ ಸಾಧ್ಯವಾಗುವುದಿಲ್ಲ.

ನೆನಪಿನಲ್ಲಿಡಬೇಕಾದ ಅಂಶಗಳು

- ಔಷಧಿಗಳ ಹೆಸರು, ಸಂಖ್ಯೆ, ಅವಧಿ ರೋಗಿಗೂ ಮನೆಯವರಿಗೂ ತಿಳಿದಿರಬೇಕು.
- ಹಲ್ಲು, ಲಸಿಕೆ, ಸಂತಾನದ ವಿಚಾರಗಳನ್ನು ಮೊದಲ ಚಿಕಿತ್ಸೆಗೆ ಮುನ್ನ ಇತ್ಯರ್ಥಮಾಡಬೇಕು.
- ಥರ್ಮಾಮೀಟರ್, ಕಡತ, ತುರ್ತು ದೂರವಾಣಿ ಸಂಖ್ಯೆ ಈ ಮೂರೂ ಮನೆಯಲ್ಲಿ ಸಿದ್ಧವಿರಬೇಕು.
- 100.4 ಡಿಗ್ರಿ ಜ್ವರ ಬಂದರೆ ಕಾಯಬಾರದು.
- ವೈದ್ಯರನ್ನು ಕೇಳದೆ ಚಿಕಿತ್ಸೆಯನ್ನು ನಿಲ್ಲಿಸಬಾರದು.

ಅಭ್ಯಾಸ

1. ಗಂಟನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದ ಮೇಲೂ ಕೀಮೋಥೆರಪಿ ಏಕೆ ಬೇಕಾಗಬಹುದು?
2. ಚಿಕಿತ್ಸೆಯಾದ ಹತ್ತನೆಯ ದಿನ ರೋಗಿಯು ಲವಲವಿಕೆಯಿಂದಿದ್ದರೂ ಮದುವೆಯ ಮನೆಗೆ ಹೋಗುವುದು ಏಕೆ ಉಚಿತವಲ್ಲ?
3. ರಾತ್ರಿ ಹನ್ನೊಂದು ಗಂಟೆಗೆ ರೋಗಿಗೆ 101 ಡಿಗ್ರಿ ಜ್ವರ ಬಂದಿದೆ. ಮನೆಯವರು ಮಾಡಬೇಕಾದುದೇನು? ಮಾಡಬಾರದುದೇನು?
4. ನಿಮ್ಮ ಮನೆಯಿಂದ ಚಿಕಿತ್ಸೆಯ ಆಸ್ಪತ್ರೆಗೆ ರಾತ್ರಿಯ ವೇಳೆ ಹೇಗೆ ತಲುಪುವಿರಿ? ದಾರಿ, ವಾಹನ, ಜೊತೆಗೆ ಬರುವವರ ಹೆಸರು ಇವುಗಳನ್ನು ಇಂದೇ ಬರೆದಿಡಿ.